ಗ್ರಂಥಭಂಡಾರಿಯ ಕಾರ್ಯವ್ಯಾಪ್ತಿ

ಗ್ರಂಥಭಂಡಾರಿ ಎಂದೊಡನೆಯೇ, ಬೀಗದ ಕೈಗೊಂಚಲನ್ನು ಹಿಡಿದು, ಹೋದ ಪುಸ್ತಕವನ್ನು ಬರೆದುಕೊಂಡು ಬಂದ ಪುಸ್ತಕವನ್ನು ಹೊಡೆದುಹಾಕುವ ಒಬ್ಬ ಲೆಕ್ಕಿಗನ ಚಿತ್ರವು ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುತ್ತದೆ. ಈ ಭಾವನೆಯು ನಿರಪಾಯವಾದುದಲ್ಲ. ಬೀಗದ ಕೈಯನ್ನು ಯಾರಾದರೂ ಹಿಡಿಯಬಹುದಷ್ಟೆ ಎಂದು ತೋರಿದಮೇಲೆ, ವೆಚ್ಚವನ್ನು ತಗ್ಗಿಸಬೇಕಾದ ಸಂಸ್ಥೆಯು ಮೊದಲು ಖಾಲಿ ಬಿಡಲು ಯೋಚಿಸುವುದು ಈ ಸ್ಥಾನವನ್ನೇ. ಆದಕಾರಣ ಈ ಉದ್ಯೋಗದ ವ್ಯಾಪ್ತಿಯೆಷ್ಟು, ಅದರ ಬೆಲೆಯನ್ನು ಯಾವುದರಿಂದ ಅಳೆಯತಕ್ಕದ್ದು ಎಂಬುದನ್ನು ನಿದರ್ಶನಪೂರ್ವಕವಾಗಿ ವಿಚಾರಿಸುವುದು ಉಚಿತವಾಗಿದೆ. ನಿದರ್ಶನಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ.

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಪ್ರತಿಯೊಂದನ್ನೂ ಅದರ ವ್ಯಾಖ್ಯಾನದ ಒಂದು ತುಣುಕನ್ನೂ ತಂದೊಪ್ಪಿಸಿದರು. ಆ ಕಟ್ಟಿಗೆ ಕ್ರಮಾಂಕವನ್ನು ಕೊಟ್ಟು ಕಪಾಟಿನಲ್ಲಿ ಇಟ್ಟಿದ್ದರೆ ಭಂಡಾರಿಯ ಕೆಲಸವು ನಿಯಮಾನುಸಾರವಾಗಿ ಮುಗಿದಂತೆಯೇ; ಆಕ್ಷೇಪಿಸುವವರು ಯಾರೂ ಇರುತ್ತಿರಲಿಲ್ಲ. ಆದರೆ ಆಗ ಅಲ್ಲಿ ಗ್ರಂಥಭಂಡಾರಿಗಳಾಗಿದ್ದ ಆರ್. ಶಾಮಶಾಸ್ತ್ರಿಗಳು ಓಲೆಗಳನ್ನು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರವೆಂಬುದೊಂದು ಇತ್ತೆಂದು ವಿದ್ವಾಂಸರಿಗೆ ತಿಳಿದಿದ್ದುದು ಬಹುಮಟ್ಟಿಗೆ ಅನ್ಯಗ್ರಂಥಗಳ ಉಲ್ಲೇಖಗಳಿಂದ: ದಂಡಿಯು ದಶಕುಮಾರಚರಿತದಲ್ಲಿ ಅದನ್ನು ಹೆಸರಿಸಿದ್ದನು, ಕಾಮಂದಕನು ತನ್ನ ನೀತಿಸಾರದ ಆರಂಭದಲ್ಲಿ ವಿಷ್ಣುಗುಪ್ತನಿಗೆ ನಮಸ್ಕರಿಸಿದ್ದನು. ಈ ಉಲ್ಲೇಖಗಳು ಮನಸ್ಸಿನಲ್ಲಿ ಇದ್ದವನಿಗಲ್ಲದೆ ಎದುರಿಗಿರುವ ಓಲೆಯ ಗುರುತು ಹತ್ತುವುದಿಲ್ಲ. ಶಾಸ್ತ್ರಿಗಳು 1905ರಿಂದ ಅನುವಾದಭಾಗಗಳನ್ನು ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಂಪೂರ್ಣವಾದ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಪ್ರಾಚೀನ ಭರತಖಂಡದಲ್ಲಿ ರಾಜ್ಯಶಾಸ್ತ್ರವೇ ಇರಲಿಲ್ಲವೆಂದು ಹೇಳುತ್ತಿದ್ದವರು ಆ ಬಳಿಕ ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಶಾಸ್ತ್ರಿಗಳು ತಮ್ಮ ಉದ್ಯೋಗವನ್ನು ಬದಿಗಿರಿಸಿ ಬೇರೊಂದಕ್ಕೆ ಕೈಹಾಕಿದವರಲ್ಲ. ಆ ಉದ್ಯೋಗದೊಳಗಿಂದಲೇ ಮುಂದಿನದು ಬೆಳೆಯಿತು. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸಿದವರಿಗೆ ಇದು ಹೊಸ ಮಾತಲ್ಲ. ಓಲೆಯ ಕಟ್ಟಿಗೆ ಮುದ್ರಿತ ಪುಸ್ತಕದಂತೆ ಮುಖಪತ್ರವಿಲ್ಲ. ಮೇಲಿನ ಚೀಟಿಯಲ್ಲಿ ಒಂದು ಕಾವ್ಯದ ಹೆಸರಿದ್ದು ಒಳಗೆ ಮೂರು ಕೃತಿಗಳಿರಬಹುದು. ನಡುವೆ ಒಂದು ವೈದ್ಯದ ಓಲೆ ಸೇರಿಕೊಂಡಿರಬಹುದು. ಗರಿಗಳು ಹಿಂದುಮುಂದಾಗಿ ಪೋಣಿಸಲ್ಪಟ್ಟಿರಬಹುದು. ಗರಿಗಳ ಸಂಖ್ಯೆ, ಪುಟಕ್ಕೆ ಪಂಕ್ತಿಗಳೆಷ್ಟು, ಲಿಪಿ ಯಾವುದು, ಆದಿಯ ಮತ್ತು ಅಂತ್ಯದ ವಾಕ್ಯಗಳು ಯಾವುವು, ಲಿಪಿಕಾರನು ಕೊನೆಯಲ್ಲಿ ತನ್ನ ಊರನ್ನೂ ಸಂವತ್ಸರವನ್ನೂ ಬರೆದಿರುವನೆ, ಇಷ್ಟನ್ನೂ ಗುರುತಿಸುವುದಕ್ಕೆ ಪ್ರತಿಯನ್ನು ಓದಲೇಬೇಕು. ಓದಿದಮೇಲೆ ಇನ್ನೊಂದು ಪ್ರತಿಯೊಡನೆ ಹೋಲಿಸುವ ಆಸೆ ಹುಟ್ಟುವುದು ಸಹಜ. ಸೂಚೀಕಾರನು ಪಾಠಪರಿಶೋಧಕನಾಗುವ ದಾರಿ ಇದೇ. ತಿರುವನಂತಪುರದಲ್ಲಿ ಹಸ್ತಪ್ರತಿಗಳ ಪ್ರಕಟನೆಯ ಹೊಣೆಯನ್ನು ಹೊತ್ತಿದ್ದ ಟಿ. ಗಣಪತಿಶಾಸ್ತ್ರಿಗಳು 1912ರಿಂದ ಭಾಸನವೆಂದು ನಾಟಕಗಳನ್ನು ಬೆಳಕಿಗೆ ತಂದುದೂ, 1924-25ರಲ್ಲಿ ಅರ್ಥಶಾಸ್ತ್ರವನ್ನು ಸ್ವಕೀಯ ವ್ಯಾಖ್ಯಾನದೊಡನೆ ಮತ್ತೆ ಸಂಪಾದಿಸಿದುದೂ ಇದೇ ಜಾಡಿನಲ್ಲಿ. ನಾಟಕಗಳ ಕರ್ತೃತ್ವದ ವಿವಾದವು ಬೇರೆಯೇ ಆದುದು.

ಆದರೆ ಈ ದಾರಿಯಲ್ಲಿ ಒಂದು ಅಪಾಯವೂ ಉಂಟು. ವಿದ್ವಾಂಸನಾದ ಭಂಡಾರಿಯು ತಾನು ಸಂಪಾದಿಸುವವರೆಗೂ ಪ್ರತಿಯನ್ನು ಇತರರ ಕಣ್ಣಿಗೆ ಬೀಳಿಸದೆ ಇಟ್ಟುಕೊಂಡನೆಂದರೆ, ಅವನ ಪಾಂಡಿತ್ಯವೇ ಮತ್ತೊಂದು ಬೀಗವಾಗುತ್ತದೆ. ಹೀಗಾಗುವುದಕ್ಕಿಂತ ಓದುಬಾರದ ಲೆಕ್ಕಿಗನೇ ಮೇಲೆಂದು ನನ್ನ ಅಭಿಪ್ರಾಯ. ಅವನು ಕೇಳಿದವರಿಗೆ ಕೊಡುತ್ತಾನಷ್ಟೆ.

ಮುದ್ರಿತ ಗ್ರಂಥಗಳ ವಿಷಯದಲ್ಲಿ ಈ ಬೀಗವನ್ನು ತೆಗೆದವರು ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಭಂಡಾರಿಗಳಾಗಿ, ಲಂಡನ್ನಿನಲ್ಲಿ ಈ ವಿದ್ಯೆಯನ್ನು ಅಭ್ಯಾಸಮಾಡಿ ಹಿಂದಿರುಗಿ, ಓದುಗರು ಕಪಾಟಿನವರೆಗೂ ಬರುವಂತೆ ಮಾಡಿದರು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ಸಾರವು, ಪುಸ್ತಕವಿರುವುದು ಉಪಯೋಗಕ್ಕೆ ಎಂಬುದೇ. ಓದುಗನ ಕಾಲವನ್ನು ಉಳಿಸುವುದೂ ಅವುಗಳಲ್ಲೊಂದು. ಭಂಡಾರಿಯ ದುಡಿಮೆಯನ್ನು ತೂಗುವುದಕ್ಕೆ ಇದಕ್ಕಿಂತ ನಂಬತಕ್ಕ ತೂಕದ ಕಲ್ಲು ಸಿಕ್ಕುವುದು ಕಷ್ಟ. 1948ರ ಮದರಾಸಿನ ಸಾರ್ವಜನಿಕ ಪುಸ್ತಕಭಂಡಾರಗಳ ಶಾಸನವು ಅವರ ಪ್ರಯತ್ನದ ಫಲ. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಬೋಧನೆ ಮತ್ತು ಸಂಶೋಧನೆಗಾಗಿ ಕೇಂದ್ರವೊಂದನ್ನೂ ಅವರು ಸ್ಥಾಪಿಸಿದರು.

ಇನ್ನು ಪ್ರಮಾಣದ ಪ್ರಶ್ನೆ. ವರದಿಗಳಲ್ಲಿ ಸಾಮಾನ್ಯವಾಗಿ ಕೊಡುವುದು ಎರವಲಿನ ಲೆಕ್ಕವನ್ನು. ಅರ್ಥಶಾಸ್ತ್ರದ ಕಟ್ಟು ಅಂಥ ಲೆಕ್ಕದಲ್ಲಿ ಒಂದು ಗೆರೆಯಷ್ಟು ಜಾಗವನ್ನೂ ಪಡೆಯತಕ್ಕದ್ದಲ್ಲ. ಒಂದು ಪತ್ತೆದಾರಿ ಕಾದಂಬರಿಯು ಅದನ್ನು ಸುಲಭವಾಗಿ ಸೋಲಿಸುತ್ತದೆ! ಅದರ ಬದಲು ಪ್ರಶ್ನೆಗಳ ದಿನಚರಿಯೊಂದನ್ನು ಇಡುವುದು ಮೇಲು. ಯಾರು ಏನನ್ನು ಕೇಳಿದರು, ಎಲ್ಲೆಲ್ಲಿ ಹುಡುಕಲಾಯಿತು, ಏನು ಸಿಕ್ಕಿತು, ಅದರಿಂದ ಯಾವ ಲೇಖನ ಅಥವಾ ಪಾಠ ಹುಟ್ಟಿತು ಎಂಬುದನ್ನು ಎರಡೆರಡು ಪಂಕ್ತಿಗಳಲ್ಲಿ ಬರೆದಿಟ್ಟರೆ ಸಾಕು. ಉತ್ತರ ಸಿಕ್ಕದ ಪ್ರಶ್ನೆಗಳು ಅತ್ಯಂತ ಬೆಲೆಯುಳ್ಳವು. ಮುಂದೆ ಕೊಳ್ಳತಕ್ಕ ಗ್ರಂಥಗಳ ಪಟ್ಟಿಯೂ ಸಿದ್ಧಪಡಿಸತಕ್ಕ ಸೂಚಿಗಳ ಪಟ್ಟಿಯೂ ಅವುಗಳಲ್ಲೇ ಅಡಗಿರುತ್ತವೆ. ಹಳೆಯ ಮಾಸಪತ್ರಿಕೆಗಳ ಲೇಖನಸೂಚಿಯಿಲ್ಲದೆ ಕನ್ನಡದ ವಿದ್ಯಾರ್ಥಿಗಳು ಸಂಪುಟದ ಮೇಲೆ ಸಂಪುಟವನ್ನು ತಿರುವುತ್ತ ಕಳೆಯುವ ದಿನಗಳನ್ನು ಬಲ್ಲ ಅಧ್ಯಾಪಕರು ಇದನ್ನು ಒಪ್ಪದಿರಲಾರರು. ಅಂಥ ಸೂಚಿಯನ್ನು ಮಾಡಬಲ್ಲವನು ಆ ಸಂಪುಟಗಳ ನಡುವೆಯೇ ಇರುವವನು.

ಓಲೆಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವು ಈಗ ನಡೆಯುತ್ತಿರುವುದರಿಂದ ಭಂಡಾರಿಯ ಅಗತ್ಯವು ತಪ್ಪಿತೆಂದು ಕೆಲವರು ತಿಳಿಯುತ್ತಾರೆ. ಛಾಯಾಪ್ರತಿಯು ಓಲೆಯನ್ನು ಹುಳುವಿನಿಂದ ಕಾಪಾಡೀತು, ದೂರದ ವಿದ್ವಾಂಸನಿಗೆ ಮುಟ್ಟಿಸೀತು. ಆದರೆ ಕೃತಿಯ ಹೆಸರು ತಪ್ಪಾಗಿ ದಾಖಲಾದ ಸಾವಿರ ಚಿತ್ರಗಳೂ ತಪ್ಪು ಚೀಟಿಯುಳ್ಳ ಕಟ್ಟಿನಷ್ಟೇ ಅಗೋಚರವಾದವು. ಚಿತ್ರ ತೆಗೆಯುವುದಕ್ಕೆ ಮುಂಚೆಯೇ ಕಟ್ಟನ್ನು ಬಿಚ್ಚಿ, ಗರಿಗಳನ್ನು ಕ್ರಮಕ್ಕೆ ತಂದು, ಒಳಗಿರುವ ಕೃತಿಗಳನ್ನು ಬೇರೆ ಬೇರೆಯಾಗಿ ಹೆಸರಿಸತಕ್ಕದ್ದು. ಈ ಕೆಲಸಕ್ಕೆ ಲಿಪಿಯನ್ನೂ ಸಾಹಿತ್ಯವನ್ನೂ ಬಲ್ಲ ಒಬ್ಬರನ್ನು ಛಾಯಾಗ್ರಾಹಕನಿಗಿಂತ ಮೊದಲೇ ನೇಮಿಸಬೇಕಾಗುತ್ತದೆ.