ಯಾರೂ ಮುಚ್ಚಿಡಲಿಲ್ಲ, ಯಾರಿಗೂ ಗೊತ್ತೇ ಇರಲಿಲ್ಲ

‘ಸ್ಕೈ ಫೋರ್ಸ್’ ಸಿನಿಮಾ ಬಂದ ಮೇಲೆ ತುಮಕೂರಿನ ಶಿರಾ ಗೇಟ್‌ನ ಟೀ ಅಂಗಡಿಗಳಲ್ಲಿ ವಾಯುಪಡೆಯ ಇತಿಹಾಸಕಾರರು ಹೆಚ್ಚಾಗಿದ್ದಾರೆ. ಎಲ್ಲರದ್ದೂ ಒಂದೇ ಮಾತು: “ಸಾರ್, ಇಪ್ಪತ್ಮೂರು ವರ್ಷ ಗೌರ್ಮೆಂಟೇ ಮುಚ್ಚಾಕ್ಬಿಟ್ಟಿತ್ತಂತೆ!” ಯಾರು ಮುಚ್ಚಿಟ್ಟರು, ಯಾಕೆ ಎಂದು ಕೇಳಿದರೆ ಮೊಬೈಲ್ ತೆಗೆದು ರೀಲ್ ತೋರಿಸುತ್ತಾರೆ. ಹಿನ್ನೆಲೆಯಲ್ಲಿ ಡೋಲು ಬಡಿದರೆ ಸಾಕ್ಷಿ ಸಿಕ್ಕ ಹಾಗೆ.

ಅವರು ಹೇಳುವುದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ಒ.ಪಿ. ತನೇಜಾ. ದೇವಯ್ಯ ಮೀಸಲು ಪೈಲಟ್, ಆದರೂ ದಾಳಿಗೆ ಹೋದರು. ಹೋದವರಲ್ಲಿ ದೇವಯ್ಯ ವಾಪಸು ಬರಲಿಲ್ಲ. ನೆಲಕ್ಕೆ ಹತ್ತಿರದಲ್ಲಿ, ಭಾರೀ ವೇಗದಲ್ಲಿ ದಾಳಿ ಮುಗಿಸಿ ಹಿಂದಿರುಗುತ್ತಿದ್ದ ಜೊತೆಗಾರರಲ್ಲಿ ಯಾರೂ ಹಿಂದೆ ನಡೆದ ಕಾದಾಟವನ್ನು ನೋಡಿರಲಿಲ್ಲ. ಹಾಗಾಗಿ ಕಡತದಲ್ಲಿ ‘ನಾಪತ್ತೆ’ ಎಂದು ಬರೆದರು. ಇದರಲ್ಲಿ ಮುಚ್ಚಿಡುವುದೇನಿತ್ತು?

ಮಿಸ್ಟೇರ್‌ನಲ್ಲಿ ಕೂರುವವನು ಒಬ್ಬನೇ. ವರದಿ ಕೊಡಬೇಕಾದವನೇ ಮಡಿದರೆ ನಮ್ಮ ಕಡೆ ಕತೆ ಅಲ್ಲಿಗೇ ನಿಂತುಹೋಗುತ್ತದೆ. ಉಳಿದ ಅರ್ಧ ಇದ್ದದ್ದು ಪಾಕಿಸ್ತಾನದ ಕಡೆ. ಅವರ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಫ್-104 ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದು ದೇವಯ್ಯನವರ ವಿಮಾನಕ್ಕೆ ಗುಂಡು ಹೊಡೆದರು. ಕೊನೆಗೆ ತಮ್ಮ ವಿಮಾನವನ್ನೂ ಕಳೆದುಕೊಂಡು ಪ್ಯಾರಾಚೂಟ್‌ನಲ್ಲಿ ಇಳಿದರು. ಸಿಡಿದ ಮಿಸ್ಟೇರ್‌ನ ಚೂರುಗಳು ಬಡಿದು ಹಾಗಾಯಿತು ಎಂದು ಆಗ ಹೇಳಲಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ಸಹಕಾರದಿಂದಲೇ ಬರೆದ ಪುಸ್ತಕ ಬಂತು. ಏಟು ತಿಂದ ಮಿಸ್ಟೇರ್ ತಿರುಗಿ ನಿಂತು ಕಾದಾಡಿತು ಎಂಬುದು ಅದರಿಂದ ಹೊರಬಿತ್ತು. ಅದು ದೇವಯ್ಯನವರ ವಿಮಾನವೇ ಎಂದು ತನೇಜಾ ಹೊಂದಿಸಿ ನೋಡಿ, ಮೇಲಿನವರಿಗೆ ಬರೆದು ಬೆನ್ನು ಹತ್ತಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಶತ್ರು ದೇಶದ ನೆರವಿನಿಂದ ಬರೆದ ಪುಸ್ತಕ ನಮ್ಮವನ ಸಾಹಸಕ್ಕೆ ಸಾಕ್ಷಿಯಾಯಿತು. ನಿಜವಾದ ರೋಚಕತೆ ಇರುವುದು ಇಲ್ಲಿ, ಇದನ್ನು ಬಿಟ್ಟು ಪಿತೂರಿ ಹುಡುಕುತ್ತಾರೆ! ಫ್ರಿಕರ್ ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಹಿಡಿಯಿತಲ್ಲ ಎಂದು ಸಿಟ್ಟಾಗಿ, ಅದಕ್ಕೆ ಅರ್ಥವಿದೆ. ನಮ್ಮ ಕಡತಗಳು ಓಡುವ ಪರಿ ತುಮಕೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನವನ್ನು ಹಳೇ ಮಿಸ್ಟೇರ್ ಹೊಡೆಯೋಕೆ ಆಗುತ್ತಾ?” ಎನ್ನುವ ಬುದ್ಧಿವಂತರೂ ಇದ್ದಾರೆ. ಆಗುತ್ತೆ ಸ್ವಾಮಿ. ಗಿಡ್ಡ ರೆಕ್ಕೆಯ ಸ್ಟಾರ್‌ಫೈಟರ್ ನೇರ ಓಟದಲ್ಲಿ ರಾಜ, ತಿರುವಿನಲ್ಲಿ ಕುಂಟ. ವೇಗ ಇಳಿಸಿ ತಿರುಗಾಟಕ್ಕೆ ಇಳಿದರೆ ಮಿಸ್ಟೇರ್‌ನ ಎರಡು 30 ಮಿ.ಮೀ. ಫಿರಂಗಿಗಳ ಎದುರು ಬರುತ್ತದೆ.

ಹೀಗೆ ಎದುರಾಳಿಯ ಕಡೆಯ ಲೆಕ್ಕ ನೋಡಿ ಸತ್ಯ ಹೊಂದಿಸುವುದು ಯುದ್ಧ ಪೈಲಟ್‌ಗಳ ದಾಖಲೆ ಹುಡುಕುವವರಿಗೆ ಹೊಸತಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೈನ್ಜ್-ವೋಲ್ಫ್‌ಗಾಂಗ್ ಶ್ನೌಫರ್ ರಾತ್ರಿ ಹೊತ್ತು 121 ವಿಮಾನ ಬೀಳಿಸಿದ ಎಂದು ಲೆಕ್ಕ. ಆತನ ವಿಮಾನದ ಬಾಲದ ಎರಡು ರೆಕ್ಕೆಗಳಲ್ಲಿ ಒಂದು ಲಂಡನ್‌ನ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೊಂದು ಕ್ಯಾನ್‌ಬೆರಾದಲ್ಲಿ. ಬೀಳಿಸಿದ ಲೆಕ್ಕದ ಗುರುತುಗಳನ್ನು ಸಾಲಾಗಿ ಬಳಿದಿದ್ದಾರೆ. ಬಾಲದ ಮೇಲೆ ಬಣ್ಣ ಇದೆ ಎಂದ ಮಾತ್ರಕ್ಕೆ ಸಂಶೋಧಕರು ಒಪ್ಪುವುದಿಲ್ಲ. ಎಷ್ಟು ಗಂಟೆಗೆ, ಯಾವ ಊರಿನ ಮೇಲೆ, ಎಷ್ಟು ಎತ್ತರದಲ್ಲಿ ಎಂದು ಜರ್ಮನ್ ವರದಿ ನೋಡಿ, ಅದೇ ರಾತ್ರಿ ವಾಪಸು ಬಾರದ ಬ್ರಿಟಿಷ್ ಬಾಂಬರ್‌ಗಳ ಪಟ್ಟಿ ಪಕ್ಕದಲ್ಲಿಟ್ಟು ಒಂದೊಂದನ್ನೂ ತಾಳೆ ಹಾಕುತ್ತಾರೆ. ಕತ್ತಲಲ್ಲಿ ಒಂದೇ ಬಾಂಬರನ್ನು ಇಬ್ಬರು ಪೈಲಟ್‌ಗಳು, ಜೊತೆಗೆ ಕೆಳಗಿನ ಫಿರಂಗಿಯವರು, ನಾವೇ ಬೀಳಿಸಿದ್ದು ಎನ್ನುವುದು ಮಾಮೂಲು. ಹಾಗೆಂದು ಎಲ್ಲರೂ ಸುಳ್ಳುಗಾರರು ಎಂದಲ್ಲ. ಉರಿಯುತ್ತಾ ಹೋದದ್ದು ನೆಲಕ್ಕೆ ಬೀಳುವುದನ್ನು ನೋಡುತ್ತಾ ನಿಲ್ಲಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಶ್ನೌಫರ್‌ಗೆ ಹಿಂದೆ ರೇಡಿಯೋ ಸಹಾಯಕ, ಬಂದೂಕಿನವ ಇರುತ್ತಿದ್ದರು. ಕಡೇಪಕ್ಷ ಒಡನೆ ನೋಡಿದ ಕಣ್ಣುಗಳು. ದೇವಯ್ಯನವರ ಹಿಂದೆ ಯಾರೂ ಇರಲಿಲ್ಲ.

ರಾತ್ರಿ ಯುದ್ಧದ ಇನ್ನೊಂದು ಕತೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ: ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಎಂಬುದು ಬ್ರಿಟಿಷ್ ಪ್ರಚಾರ, ಅವರ ರಾತ್ರಿ ಪೈಲಟ್ ಜಾನ್ ಕನ್ನಿಂಗ್‌ಹ್ಯಾಮ್‌ನ ಯಶಸ್ಸಿನ ಹಿಂದಿದ್ದ ರೇಡಾರನ್ನು ಮರೆಮಾಡಲು ಹರಡಿದ್ದು. ಮುಚ್ಚಿಟ್ಟದ್ದು ಎಂದರೆ ಇದು. ಎ ಜೀವಸತ್ವ ಕಡಿಮೆ ಇದ್ದವರಿಗೆ ಪ್ರಯೋಜನ ನಿಜ, ಮಿಕ್ಕವರಿಗೆ ಪಲ್ಯ ರುಚಿ ಅಷ್ಟೇ.

ನನಗೆ ಬೇಸರ ತರಿಸುವುದು ಸಿನಿಮಾ ಅಲ್ಲ, ಅದು ತನ್ನ ಕೆಲಸ ಮಾಡಿದೆ. ದೇವಯ್ಯನವರ ಹೆಸರನ್ನೂ ಬದಲಿಸಿ ಟಿ.ಕೆ. ವಿಜಯ ಎಂದು ಇಟ್ಟಿದ್ದಾರೆ. ಪರದೆಯ ಮೇಲಿನ ಹೆಸರು ಎಲ್ಲಿಯದು ಎಂದು ನೋಡುವ ಗೋಜಿಗೂ ಹೋಗದೆ ನಂಬುವುದಿದೆಯಲ್ಲ, ಅದು. “ಆ ವಿಜಯ ನಮ್ಮ ಕುಣಿಗಲ್ ಕಡೆಯೋರಂತೆ, ಹೌದಾ?” ಎಂದು ಕೇಳಿದವರು ಒಬ್ಬರಿದ್ದಾರೆ. ಇಲ್ಲ ಅಣ್ಣ. ಆ ಹೆಸರಿನವರು ಯಾರೂ ಇಲ್ಲ. ನಿಜವಾದವರು ಕೊಡಗಿನ ದೇವಯ್ಯ, ಮಡಿಕೇರಿಗೆ ಹೋದರೆ ಪ್ರತಿಮೆ ಇದೆ.