ಸೇರುವುದು ಸುಲಭ, ಬಿಡುವುದು ಕಷ್ಟ

ಹಿಂದೆ ದಾಂಡೇಲಿ, ಹಳಿಯಾಳದ ಓದುಗರು ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಮಾಡಿ ಪತ್ರಿಕೆಗಳಿಗೆ ಚಂದಾ ಕಟ್ಟುತ್ತಿದ್ದರು. ಅವಧಿ ಮುಗಿದ ಮೇಲೆ ಸುಮ್ಮನಿದ್ದರೆ ಸಾಕು, ಪತ್ರಿಕೆ ಬರುವುದು ನಿಲ್ಲುತ್ತಿತ್ತು. ಆನ್‌ಲೈನ್ ಚಂದಾ ಇದಕ್ಕೆ ತದ್ವಿರುದ್ಧ. ಸಿನಿಮಾ, ಸಂಗೀತ, ಮಕ್ಕಳ ಪಾಠ ಯಾವುದೇ ಇರಲಿ, ಗ್ರಾಹಕ ಸುಮ್ಮನಿದ್ದಷ್ಟು ಕಾಲ ಹಣ ಹೋಗುತ್ತಲೇ ಇರುತ್ತದೆ.

‘ಮೊದಲ ತಿಂಗಳು ಉಚಿತ’ ಎಂಬ ಆಹ್ವಾನಕ್ಕೆ ಓಗೊಡಲು ಒಂದು ಗುಂಡಿ ಒತ್ತಿದರೆ ಆಯಿತು. ಬಿಡಲು ಹೊರಟರೆ ಪುಟದಿಂದ ಪುಟಕ್ಕೆ ಅಲೆಯಬೇಕು. ಫೋನಿನಿಂದ ಆ್ಯಪ್ ಅಳಿಸಿದರೂ ಚಂದಾ ರದ್ದಾಗುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ.

ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಈ ತೊಡಕು ಇಮ್ಮಡಿ. ಹಣ ಕಡಿತವಾಗುವುದು ಬ್ಯಾಂಕಿನ ಖಾತೆಯಲ್ಲಿ. ಅದಕ್ಕೆ ಊರಿನಲ್ಲಿ ನೆಟ್‌ವರ್ಕ್ ಇರಬೇಕೆಂದಿಲ್ಲ. ರದ್ದು ಮಾಡಲು ಮಾತ್ರ ನೆಟ್‌ವರ್ಕ್ ಬೇಕೇ ಬೇಕು.

ಕಾನೂನು ಗ್ರಾಹಕರ ಪರವಾಗಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡ್ ಅಥವಾ ಯುಪಿಐ ಮೂಲಕ ಇಂಥ ಹಣ ಕಡಿತವಾಗುವ 24 ಗಂಟೆ ಮೊದಲೇ ಸೂಚನೆ ಬರಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಅವುಗಳಲ್ಲಿ ‘ಚಂದಾ ಬಲೆ’ಯೂ ಒಂದು. ದೂರು ನೀಡಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಆದರೆ ಸೂಚನೆಯ ಸಂದೇಶ ಬರುವ ಹೊತ್ತಿಗೆ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಈ ರಕ್ಷಣೆಯ ಫಲ ಕೈಗೆ ದಕ್ಕುವುದಿಲ್ಲ. ಆದ್ದರಿಂದ ಸಂತೆಗೆ ಬಂದ ದಿನ ಯುಪಿಐ ಆ್ಯಪಿನಲ್ಲಿರುವ ‘ಆಟೊಪೇ’ ಪಟ್ಟಿಯನ್ನು ಒಮ್ಮೆ ತೆರೆದು ನೋಡುವುದು ಒಳಿತು. ಬೇಡವಾದ ಚಂದಾಕ್ಕೆ ಕೊಟ್ಟ ಒಪ್ಪಿಗೆಯನ್ನು ಅಲ್ಲಿಯೇ ರದ್ದು ಮಾಡಬಹುದು.