ಸ್ಮೃತಿಯನ್ನು ಪಡೆಯುವುದು, ಹಿಂದಿರುಗಿಸುವುದು

ಪ್ರೋಗ್ರಾಂ ನಡೆಯುವಾಗ ಅದರ ದತ್ತಾಂಶಕ್ಕೆ ಗಣಕದ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಸ್ಥಳ ಬೇಕು. ವೇತನಪಟ್ಟಿ, ಬ್ಯಾಂಕ್ ಲೆಕ್ಕ ಮೊದಲಾದ ವ್ಯವಹಾರಗಳಿಗೆ ಬಳಕೆಯಾದ ಕೋಬಾಲ್ ಭಾಷೆಯಲ್ಲಿ ಈ ಸ್ಥಳವನ್ನು ಮೊದಲೇ ಘೋಷಿಸುವುದು ರೂಢಿ. ದಾಖಲೆಗಳ ಸಂಖ್ಯೆ ಮುಂಚಿತವಾಗಿ ತಿಳಿಯದಿದ್ದಾಗ ಈ ಕ್ರಮ ಸಾಲದು. ಆಗ ಬೇಕಾದಷ್ಟು ಸ್ಥಳವನ್ನು ಬೇಕಾದಾಗ ಕೇಳಿ ಪಡೆಯಬೇಕಾಗುತ್ತದೆ. ಇದನ್ನು ಚಲನಶೀಲ ಸ್ಮೃತಿ ಹಂಚಿಕೆ ಎನ್ನುತ್ತಾರೆ. ಸಿ ಭಾಷೆಯಲ್ಲಿ ‘ಮ್ಯಾಲಕ್’ ಎಂಬ ಫಂಕ್ಷನ್ ಸ್ಥಳವನ್ನು ಪಡೆಯುತ್ತದೆ, ‘ಫ್ರೀ’ ಅದನ್ನು ಹಿಂದಿರುಗಿಸುತ್ತದೆ.

ಇಲ್ಲಿ ಸಂಭವಿಸುವ ಮೂರು ದೋಷಗಳನ್ನು ಶಾಲಾ ಗ್ರಂಥಾಲಯದ ನಿದರ್ಶನದಿಂದ ವಿವರಿಸಬಹುದು. ಪಡೆದ ಪುಸ್ತಕವನ್ನು ಮರಳಿಸದಿರುವುದು ‘ಸ್ಮೃತಿ ಸೋರಿಕೆ’. ಮರಳಿಸಿದ ಪುಸ್ತಕ ಬೇರೊಬ್ಬರ ಕೈಸೇರಿದ ಮೇಲೂ ಅದರಲ್ಲಿ ಬರೆಯುತ್ತಿರುವುದು ಎರಡನೆಯದು. ಇದರಿಂದ ಒಬ್ಬ ಗ್ರಾಹಕನ ಲೆಕ್ಕ ಮತ್ತೊಬ್ಬನ ಲೆಕ್ಕವನ್ನು ಕೆಡಿಸಬಹುದು. ಒಂದೇ ಪುಸ್ತಕವನ್ನು ಎರಡು ಬಾರಿ ಜಮಾ ಮಾಡಿಸುವುದು ಮೂರನೆಯದು. ವಹಿಯೇ ತಪ್ಪಾಗಿ, ಅದೇ ಪುಸ್ತಕ ಇಬ್ಬರಿಗೆ ಹಂಚಿಕೆಯಾದೀತು.

ಸೋರಿಕೆಯ ಪರಿಣಾಮಕ್ಕೆ ಲಂಡನ್ ನಗರದ ಆಂಬುಲೆನ್ಸ್ ಸೇವೆಯೇ ಸಾಕ್ಷಿ. ವಾಹನಗಳನ್ನು ಕಳುಹಿಸುವ ಅದರ ಗಣಕ ವ್ಯವಸ್ಥೆ 1992ರ ನವೆಂಬರ್ 4ರ ಬೆಳಗಿನ ಜಾವ ಸ್ತಬ್ಧವಾಯಿತು. ಪ್ರತಿ ವಾಹನವನ್ನು ಕಳುಹಿಸಿದಾಗಲೂ ಸರ್ವರ್‌ನ ಸ್ಮೃತಿಯ ಸಣ್ಣ ಭಾಗವೊಂದು ಬಳಕೆಯಾಗಿ, ಹಿಂದಿರುಗದೆ ಉಳಿಯುತ್ತಿತ್ತೆಂದು ತನಿಖಾ ವರದಿ ಕಂಡುಕೊಂಡಿತು. ಸುಮಾರು ಮೂರು ವಾರಗಳಲ್ಲಿ ಸ್ಮೃತಿಯೆಲ್ಲ ಬರಿದಾಗಿತ್ತು. ಸಿಬ್ಬಂದಿ ಕಾಗದದ ಕ್ರಮಕ್ಕೆ ಮರಳಬೇಕಾಯಿತು. ಒಂದೆರಡು ಗಂಟೆಗಳ ಪರೀಕ್ಷೆಯಲ್ಲಿ ಇಂತಹ ದೋಷ ಕಾಣಿಸುವುದು ಕಷ್ಟ; ಹಗಲಿರುಳು ನಡೆಯುವ ಪ್ರೋಗ್ರಾಂಗಳಿಗೆ ಅದು ಅಪಾಯಕಾರಿಯಾಗುವುದು ಈ ಕಾರಣದಿಂದಲೇ.

ಜಾವಾದಂತಹ ಭಾಷೆಗಳಲ್ಲಿ ಬಳಕೆಯಲ್ಲಿಲ್ಲದ ಸ್ಥಳವನ್ನು ವ್ಯವಸ್ಥೆಯೇ ಗುರುತಿಸಿ ಮರಳಿ ಪಡೆಯುತ್ತದೆ. ಆದರೂ ಮುಗಿದ ವ್ಯವಹಾರಗಳನ್ನು ಪಟ್ಟಿಯೊಂದರಲ್ಲಿ ಸೇರಿಸುತ್ತಲೇ ಹೋದರೆ, ಅವು ಇನ್ನೂ ಬೇಕಾಗಿವೆಯೆಂದೇ ಅದು ಭಾವಿಸುತ್ತದೆ. ಯಾವುದು ಎಂದಿಗೆ ಬೇಡವಾಗುತ್ತದೆ ಎಂಬ ನಿರ್ಣಯ ಪ್ರೋಗ್ರಾಂ ಬರೆಯುವವರದೇ.

ತರಗತಿಯ ಚಟುವಟಿಕೆ: ಪೆಟ್ಟಿಗೆಯಲ್ಲಿ 10 ಚೀಟಿಗಳನ್ನಿಡಿ. ಪ್ರತಿ ಸುತ್ತಿನಲ್ಲಿ ಐವರು ವಿದ್ಯಾರ್ಥಿಗಳು ತಲಾ ಒಂದು ಚೀಟಿ ಪಡೆಯಲಿ. ನಾಲ್ವರು ಮಾತ್ರ ಹಿಂದಿರುಗಿಸಲಿ. ಆರು ಸುತ್ತುಗಳು ನಿರಾತಂಕವಾಗಿ ಸಾಗುತ್ತವೆ. ಏಳನೆಯ ಸುತ್ತಿನಲ್ಲಿ ನಾಲ್ಕೇ ಚೀಟಿಗಳಿದ್ದು, ಒಬ್ಬರಿಗೆ ಸಿಗುವುದಿಲ್ಲ. ತಪ್ಪು ಯಾವ ಸುತ್ತಿನಲ್ಲಿ ಆರಂಭವಾಯಿತೆಂದು ಮಕ್ಕಳನ್ನು ಕೇಳಿ. ಮೊದಲನೆಯ ಸುತ್ತಿನಲ್ಲಿಯೇ ಎಂಬ ಉತ್ತರ ಅವರಿಂದಲೇ ಬರಲಿ.